ಪೋರ್ಚುಗಲ್‌ಗೆ ಬಂದ ಹೊಸಬರೇ, 'ಫಿಕಾರ್' ಮೊದಲು ಕಲಿಯಿರಿ

ಲಿಸ್ಬನ್‌ಗೆ ಬಂದಿಳಿದ ಕನ್ನಡಿಗರಿಗೆ ನಾನು ಮೊದಲು ಹೇಳಿಕೊಡುವ ಪೋರ್ಚುಗೀಸ್ ಕ್ರಿಯಾಪದ 'ಫಿಕಾರ್'. ಪುಸ್ತಕದಲ್ಲಿ ಇದಕ್ಕೆ 'ಉಳಿ' ಎಂಬ ಅರ್ಥ ಇರುತ್ತದೆ. ಅದೂ ಸರಿಯೇ. 1822ರ ಜನವರಿ 9ರಂದು ಬ್ರೆಜಿಲ್‌ನ ರಿಯೊದಲ್ಲಿದ್ದ ಪೋರ್ಚುಗಲ್‌ನ ರಾಜಕುಮಾರ ಪೆದ್ರು, ಲಿಸ್ಬನ್‌ನಿಂದ ವಾಪಸ್ ಬಾ ಎಂಬ ಆದೇಶ ಬಂದರೂ 'ಫೀಕು', ಅಂದರೆ ಇಲ್ಲೇ ಉಳಿಯುತ್ತೇನೆ ಎಂದ. ಬ್ರೆಜಿಲ್‌ನವರು ಆ ದಿನವನ್ನು ಇಂದಿಗೂ 'ಫೀಕು ದಿನ' ಅಂತಲೇ ಕರೆಯುತ್ತಾರೆ.

ಆದರೆ ನಿಮಗೆ ದಿನವೂ ಬೇಕಾಗುವುದು ಬೇರೆ ಅರ್ಥಗಳು. ಔಷಧಿ ಅಂಗಡಿ ಎಲ್ಲಿದೆ? 'ಓಂದ್ ಫೀಕ ಅ ಫರ್ಮಾಸಿಯ?' ಇದು ಇದ್ದಲ್ಲೇ ಇರುವ ಕಟ್ಟಡ, ಬೀದಿ, ಊರುಗಳಿಗೆ ಮಾತ್ರ. ಮೊಬೈಲ್ ಎಲ್ಲಿಟ್ಟೆ ಅಂತ ಹುಡುಕುವಾಗ 'ಓಂದ್ ಷ್ತಾ' ಅನ್ನಬೇಕು.

ಬಟ್ಟೆ ಅಂಗಡಿಗೆ ಹೋದರೆ ಇದೊಂದೇ ಪದದಲ್ಲಿ ವ್ಯವಹಾರ ಮುಗಿಯುತ್ತದೆ. ಶರ್ಟ್ ಹಾಕಿ ನೋಡಿದರೆ ಅಂಗಡಿಯವರು 'ಫೀಕ ಲ್ಯ ಬೈಂ' ಅನ್ನುತ್ತಾರೆ, ನಿಮಗೆ ಒಪ್ಪುತ್ತೆ ಅಂತ. 'ಕ್ವಾಂತು ಫೀಕ?' ಅಂದರೆ ಎಷ್ಟಾಗುತ್ತೆ. 'ಫೀಕು ಕೊಂ ಎಷ್ತ' ಅಂದರೆ ಇದನ್ನೇ ತಗೊಳ್ತೀನಿ.

ನಮ್ಮ 'ಆಗು' ನೆನಪಾಯಿತು, ಅಲ್ವಾ? ಮನಸ್ಸಿನ ವಿಷಯಕ್ಕೂ ಅದು ಹೊಂದುತ್ತದೆ. ಬೇಜಾರಾಯ್ತು ಅನ್ನಲು 'ಫಿಕೈ ತ್ರಿಷ್ತ್'. ಒಂದು ವ್ಯತ್ಯಾಸವಿದೆ. ನಾವು 'ನನಗೆ ಬೇಜಾರಾಯ್ತು' ಅನ್ನುತ್ತೇವೆ, ಇಲ್ಲಿ 'ನಾನು ಬೇಜಾರಾದೆ' ಅನ್ನುವ ರೀತಿ, ಆ 'ನಾನು' 'ಫಿಕೈ'ಯಲ್ಲೇ ಅಡಗಿದೆ. ಸುಮ್ನೆ 'ನನಗೆ' ಸೇರಿಸಬೇಡಿ. ಫೋನಿನ ಬ್ಯಾಲೆನ್ಸ್ ಖಾಲಿಯಾದರೆ 'ಫಿಕೈ ಸೈಂ ಸಾಲ್ದು'.

ಜಾಸ್ತಿ ಗಮನ ಬೇಕಾದದ್ದು 'ಫಿಕೋ ದ್' ಎಂಬ ಬಳಕೆಗೆ. ಗೀಸರ್ ಕೆಟ್ಟಿದೆ ಅಂತ ಮನೆ ಮಾಲೀಕರಿಗೆ ಫೋನ್ ಮಾಡುತ್ತೀರಿ. 'ಉ ತೆಕ್ನಿಕು ಫಿಕೋ ದ್ ವೀರ್ ಅಮನ್ಯಾ' ಅನ್ನುತ್ತಾರೆ. ರಿಪೇರಿಯವನು ನಾಳೆ ಬರ್ತೀನಿ ಅಂತ ಒಪ್ಪಿಕೊಂಡಿದ್ದಾನೆ, ಅಷ್ಟೇ ಅದರ ಅರ್ಥ. ಬಂದೇ ಬರ್ತಾನೆ ಅಂತಲ್ಲ. ಇಷ್ಟಕ್ಕೇ ಆಫೀಸಿಗೆ ರಜೆ ಹಾಕಬೇಡಿ. 'ಅ ಕ್ ಓರಷ್?', ಎಷ್ಟು ಗಂಟೆಗೆ ಅಂತ ಕೇಳಿ. ಗಂಟೆ ಹೇಳಿ 'ಫೀಕ ಮರ್ಕಾದು' ಅಂದರೆ ಸಮಯ ನಿಗದಿಯಾಯಿತು ಅಂತ. ಡಾಕ್ಟರ ಹತ್ತಿರ ಸಮಯ ತಗೊಳ್ಳುವಾಗಲೂ ಈ ಮಾತೇ ಕಿವಿಗೆ ಬೀಳಬೇಕು.

ಬ್ರೆಜಿಲ್‌ನ ಸಹೋದ್ಯೋಗಿಗಳಿದ್ದರೆ ಇನ್ನೊಂದು ಎಚ್ಚರ. ಒಬ್ಬರ ಹೆಸರು ಹೇಳಿ ಅವರೊಡನೆ 'ಫಿಕೈ ಕೊಂ' ಅಂದರೆ ಅವರ ಮಾತಿನಲ್ಲಿ ಮುತ್ತು, ಪ್ರಣಯ ಎಂದಾಗುತ್ತದೆ. ನಿನ್ನೆ ಮ್ಯಾನೇಜರ್ ಜೊತೆ ಇದ್ದೆ ಅನ್ನಬೇಕಾದರೆ 'ಷ್ತೀವ್ ಕೊಂ' ಅನ್ನಿ.