ಉಳಿದವರ ಕಡೆಗೆ ತಿರುಗಿದ ಓದು

ಆಪ್ತರನ್ನು ಕಳೆದುಕೊಂಡವರು ಒಟ್ಟಿಗೆ ಕುಳಿತು ಸಾಹಿತ್ಯ ಓದುವ ಸಣ್ಣ ಕೂಟವೊಂದನ್ನು ನಾನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಯಾವ ಕೃತಿಯನ್ನು ಆರಿಸಬೇಕು, ಅದರ ಯಾವ ಭಾಗವನ್ನು ಗಟ್ಟಿಯಾಗಿ ಓದಬೇಕು, ಎಲ್ಲಿ ನಿಲ್ಲಿಸಿ ಸುಮ್ಮನಾಗಬೇಕು ಎಂಬುದನ್ನು ತೀರ್ಮಾನಿಸುವುದು ನನ್ನ ಪಾಲಿನ ಕೆಲಸ. ಈ ಕೆಲಸ ಮಾಡುತ್ತ ಮಾಡುತ್ತ ನನ್ನಲ್ಲಿ ಬೇರೂರಿದ ನಂಬಿಕೆಯೊಂದಿದೆ. ಸಾವನ್ನು ಕುರಿತ ದೊಡ್ಡ ಕೃತಿಗಳು ಸತ್ತವರು ಎಲ್ಲಿಗೆ ಹೋದರೆಂದು ಹೇಳುವುದಕ್ಕೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಉಳಿದವರ ಕೈಗೆ ಯಾವ ಕೆಲಸ ಬಂತು, ಅದನ್ನು ಅವರು ಹೇಗೆ ಮಾಡಿದರು ಅಥವಾ ಮಾಡಲಾರದೆ ಹೋದರು ಎಂಬುದನ್ನು ಅವು ಎವೆಯಿಕ್ಕದೆ ನೋಡುತ್ತವೆ. ನನ್ನ ಆಯ್ಕೆಗಳೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿವೆ.

ಹಾಗಾಗಿ ತತ್ತ್ವ ಹೇಳುವ ಭಾಗಗಳಿಂದ ನಾನು ಓದನ್ನು ಆರಂಭಿಸುವುದಿಲ್ಲ. ಮಹಾಭಾರತದ ಯಕ್ಷಪ್ರಶ್ನೆಯಲ್ಲಿ, ಜೀವಿಗಳು ದಿನದಿನವೂ ಯಮನ ಮನೆಗೆ ಹೋಗುತ್ತಿದ್ದರೂ ಉಳಿದವರು ತಾವು ಶಾಶ್ವತವೆಂದು ಬಯಸುತ್ತಾರಲ್ಲ, ಇದಕ್ಕಿಂತ ಆಶ್ಚರ್ಯವೇನಿದೆ ಎಂದು ಯುಧಿಷ್ಠಿರ ಹೇಳುತ್ತಾನೆ. ಆ ಮಾತಿನ ಸತ್ಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದು ಮನುಷ್ಯಕುಲವನ್ನು ದೂರದಿಂದ ನೋಡಿ ಆಡಿದ ಮಾತು. ಮೊನ್ನೆಯಷ್ಟೇ ಮಗಳನ್ನು ಕಳೆದುಕೊಂಡವರಿಗೆ ಮನುಷ್ಯಕುಲ ಕಾಣುತ್ತಿರುವುದಿಲ್ಲ. ಅವರಿಗೆ ಬೇಕಾದದ್ದು ತಮ್ಮಂತೆಯೇ ಒಂದು ಹೆಸರನ್ನು ಹಿಡಿದು ಅಳುವ ಇನ್ನೊಬ್ಬರು.

ಅಂಥ ಇನ್ನೊಬ್ಬರು ಕನ್ನಡದಲ್ಲಿ ಸಾವಿರ ವರ್ಷಗಳಿಂದ ಇದ್ದಾರೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನ, ಶರಶಯ್ಯೆಯ ಮೇಲಿರುವ ಭೀಷ್ಮನನ್ನು ಕಾಣಲು ಸಂಜಯನೊಡನೆ ಹೆಣಗಳ ನಡುವೆ ನಡೆದು ಹೋಗುತ್ತಾನೆ. ದಾರಿಯುದ್ದಕ್ಕೂ ಅವನಿಗೆ ಎದುರಾಗುವುದು ತನ್ನವರೇ: ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ರನ್ನ ಅವನನ್ನು ಪ್ರತಿಯೊಬ್ಬರ ಮುಂದೆಯೂ ನಿಲ್ಲಿಸುತ್ತಾನೆ, ಪ್ರತಿಯೊಬ್ಬರಿಗೂ ಬೇರೆಯೇ ಮಾತನ್ನು ಆಡಿಸುತ್ತಾನೆ. ಮಗನ ಮುಂದೆ ಅವನು ಆಡುವ ಮಾತು ಬಹಳ ಸರಳ. ತಂದೆಗೆ ಮಗ ತರ್ಪಣದ ನೀರು ಬಿಡುವುದು ಉಚಿತ. ಅದು ತಪ್ಪಿ ಈಗ ನಾನೇ ನಿನಗೆ ನೀರು ಬಿಡುವಂತಾಯಿತಲ್ಲ, ಹೀಗೆ ಕ್ರಮವನ್ನು ತಲೆಕೆಳಗು ಮಾಡಬಹುದೇ ಎಂದು ಅವನು ಮಗನನ್ನೇ ಕೇಳುತ್ತಾನೆ. ತಮ್ಮನ ಮುಂದೆಯೂ ಇದೇ ದೂರು: ತಾಯಿಯ ಮೊಲೆವಾಲನ್ನು ಮೊದಲು ನಾನುಂಡೆ, ಆಮೇಲೆ ನೀನುಂಡೆ, ಸಾವಿನಲ್ಲಿ ಮಾತ್ರ ನನಗಿಂತ ಮುಂದೆ ಹೋಗಿಬಿಟ್ಟೆ. ಈ ಸಾಲುಗಳಲ್ಲಿ ಸ್ವರ್ಗದ ಪ್ರಸ್ತಾಪವಿಲ್ಲ, ವಿಧಿಯ ವ್ಯಾಖ್ಯಾನವಿಲ್ಲ. ತಾನು ಪಡೆಯಬೇಕಾಗಿದ್ದ ಒಂದು ಬೊಗಸೆ ನೀರನ್ನು ತಾನೇ ಕೊಡಬೇಕಾಗಿ ಬಂದ ತಂದೆಯೊಬ್ಬ ಮಾತ್ರ ಇದ್ದಾನೆ.

ಈ ಪದ್ಯವನ್ನು ನಾನು ಮೊದಲು ಹಳಗನ್ನಡದಲ್ಲಿಯೇ ನಿಧಾನವಾಗಿ ಓದುತ್ತೇನೆ, ಬಳಿಕ ಹೊಸಗನ್ನಡದಲ್ಲಿ ಅರ್ಥ ಹೇಳುತ್ತೇನೆ, ಮತ್ತೆ ಹಳಗನ್ನಡಕ್ಕೆ ಮರಳುತ್ತೇನೆ. ಎರಡನೆಯ ಸಲ ಕೇಳುವಾಗ ಮುಖಗಳು ಬದಲಾಗಿರುತ್ತವೆ. ಬೆಳೆದ ಮಗನನ್ನು ಕಳೆದುಕೊಂಡು ಬಂದಿದ್ದ ಹಿರಿಯರೊಬ್ಬರು ಒಮ್ಮೆ, ಅಲ್ಲಿಯವರೆಗೆ ಯಾವ ಮಾತೂ ಆಡಿರದವರು, “ಅವನೂ ಮಗನ ಮೇಲೆ ಸಿಟ್ಟು ಮಾಡಿಕೊಂಡಿದ್ದಾನಲ್ಲ” ಎಂದರು. ಸತ್ತವರ ಮೇಲೆ ಸಿಟ್ಟು ಬರುತ್ತದೆ ಎಂಬುದನ್ನು ಸಮಾಧಾನ ಹೇಳಲು ಬಂದ ಯಾರ ಎದುರಿಗೂ ಬಾಯಿಬಿಟ್ಟು ಹೇಳಲು ಅವರಿಗೆ ಆಗಿರಲಿಲ್ಲ. ರನ್ನನ ದುರ್ಯೋಧನ ಅವರಿಗಿಂತ ಮೊದಲೇ ಅದನ್ನು ಹೇಳಿಬಿಟ್ಟಿದ್ದ. ಅದೇ ದುರ್ಯೋಧನ ಹಗೆಯ ಮಗನಾದ ಅಭಿಮನ್ಯುವಿನ ದೇಹದ ಮುಂದೆಯೂ ನಿಂತು, ನಿನ್ನಂಥ ಸಾವು ನನಗೂ ಬರಲಿ ಎಂದು ಹಾರೈಸುವುದನ್ನು ಮಾತ್ರ ನಾನು ಅಂದೇ ಓದುವುದಿಲ್ಲ. ಅದಕ್ಕೆ ಕೇಳುವವರ ಮನಸ್ಸು ಇನ್ನಷ್ಟು ತಿಳಿಯಾಗಿರಬೇಕು.

ಹೋಮರನ ಇಲಿಯಡ್‌ನ ಕೊನೆಯ ಸರ್ಗವನ್ನು ಓದುವುದು ಸಾಮಾನ್ಯವಾಗಿ ರನ್ನನ ಬಳಿಕ. ಹೆಕ್ಟರನನ್ನು ಕೊಂದ ಗ್ರೀಕ್ ವೀರ ಅಕಿಲೀಸನ ಡೇರೆಗೆ ಹೆಕ್ಟರನ ತಂದೆ, ಟ್ರಾಯ್‌ನ ಮುದುಕ ದೊರೆ ಪ್ರಿಯಾಮ್ ರಾತ್ರಿಯಲ್ಲಿ ಬಂದು, ಮಗನನ್ನು ಕೊಂದ ಅದೇ ಕೈಗಳಿಗೆ ಮುತ್ತಿಕ್ಕಿ, ಹೆಣವನ್ನು ಕೊಡೆಂದು ಬೇಡುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ತನ್ನ ತಂದೆಗಾಗಿಯೂ ಸತ್ತ ಗೆಳೆಯ ಪೆಟ್ರೋಕ್ಲಸ್‌ಗಾಗಿಯೂ. ಹೆಚ್ಚಿನ ಓದುಗರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನಾನು ಮುಂದಿನ ಪುಟಗಳನ್ನು ಬಿಡದೆ ಓದಿಸುತ್ತೇನೆ. ಏಕೆಂದರೆ ಅಲ್ಲಿ ಅಕಿಲೀಸ್ ಮುದುಕನಿಗೆ ಊಟ ಮಾಡೆನ್ನುತ್ತಾನೆ. ಹನ್ನೆರಡು ಮಕ್ಕಳನ್ನು ಕಳೆದುಕೊಂಡ ನಯೊಬಿ ಕೂಡ ಅತ್ತು ದಣಿದ ಮೇಲೆ ಅನ್ನವನ್ನು ನೆನೆದಳು ಎಂದು ಕತೆ ಹೇಳುತ್ತಾನೆ. ಪೆಟ್ರೋಕ್ಲಸ್ ಸತ್ತಾಗ ಇದೇ ಅಕಿಲೀಸ್ ಎಲ್ಲರ ಒತ್ತಾಯವನ್ನೂ ತಳ್ಳಿಹಾಕಿ ಉಪವಾಸ ಕುಳಿತಿದ್ದ ಎಂಬುದನ್ನು ನೆನಪಿಟ್ಟುಕೊಂಡು ಓದಿದರೆ ಈ ಮಾತಿನ ತೂಕ ತಿಳಿಯುತ್ತದೆ. ಮಗ ಸತ್ತಂದಿನಿಂದ ಏನನ್ನೂ ಮುಟ್ಟದ, ಕಣ್ಣು ಮುಚ್ಚದ ಪ್ರಿಯಾಮ್ ಉಣ್ಣುತ್ತಾನೆ, ಆಮೇಲೆ ಮಲಗಲು ಜಾಗ ಕೇಳುತ್ತಾನೆ. ಉಂಡದ್ದಕ್ಕೆ, ನಿದ್ದೆ ಮಾಡಿದ್ದಕ್ಕೆ, ಒಂದು ದಿನ ನಕ್ಕದ್ದಕ್ಕೆ ಒಳಗೊಳಗೇ ಕೊರಗುವವರು ಪ್ರತಿ ಕೂಟದಲ್ಲಿಯೂ ಇರುತ್ತಾರೆ. ಅವರಿಗೆ ನಾನು ಉಪದೇಶ ಮಾಡುವುದಿಲ್ಲ. ಈ ಪುಟಗಳನ್ನು ಓದುತ್ತೇನೆ. ಯುದ್ಧದ ಮಹಾಕಾವ್ಯವೊಂದು ಟ್ರಾಯ್ ನಗರದ ಪತನದಿಂದಾಗಲಿ ನಾಯಕನ ಸಾವಿನಿಂದಾಗಲಿ ಮುಗಿಯದೆ, ಹೆಕ್ಟರನ ಅಂತ್ಯಕ್ರಿಯೆಗೆ ಹನ್ನೊಂದು ದಿನಗಳ ಬಿಡುವು ಪಡೆದು ಆ ಕ್ರಿಯೆಯಿಂದಲೇ ಮುಗಿಯುತ್ತದೆ ಎಂಬುದು ನನ್ನನ್ನು ಪ್ರತಿ ಓದಿನಲ್ಲಿಯೂ ತಡೆದು ನಿಲ್ಲಿಸುತ್ತದೆ.

ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ಇವಾನ್ ಇಲಿಚನ ಸಾವಿನ ಕತೆಯನ್ನು, ರೋಗಿಯ ಹಾಸಿಗೆಯ ಪಕ್ಕದಲ್ಲಿ ಬಹಳ ಕಾಲ ಕಳೆದವರಿಗಾಗಿ ಎತ್ತಿಟ್ಟಿದ್ದೇನೆ. ಕತೆ ಆರಂಭವಾಗುವುದೇ ಅವನು ಸತ್ತ ಮೇಲೆ. ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಸಹೋದ್ಯೋಗಿಗಳಿಗೆ ಮೊದಲು ಹೊಳೆಯುವುದು ತೆರವಾದ ಹುದ್ದೆ, ಜೊತೆಗೆ ಸತ್ತವನು ತಾನಲ್ಲ ಎಂಬ ನೆಮ್ಮದಿ. ಈ ಭಾಗವನ್ನು ನಾನು ಬೇಗ ದಾಟುತ್ತೇನೆ, ಸಾವಿನ ಮನೆಯ ಇಂಥ ಮಾತುಗಳು ಎಲ್ಲರಿಗೂ ಗೊತ್ತಿರುವಂಥವೇ. ನಿಲ್ಲಬೇಕಾದದ್ದು ಗೆರಾಸಿಮ್ ಎಂಬ ಆಳಿನ ಬಳಿ. ಸಾಯುತ್ತಿರುವವನ ಕಾಲುಗಳನ್ನು ಅವನು ರಾತ್ರಿಯೆಲ್ಲ ಎತ್ತಿ ಹಿಡಿದು ಕುಳಿತಿರುತ್ತಾನೆ. ಇದು ಬರಿಯ ಕಾಯಿಲೆ, ಗುಣವಾಗುತ್ತದೆ ಎಂದು ಮನೆಯವರೆಲ್ಲ ಆಡುವ ಸುಳ್ಳು ಇವಾನನಿಗೆ ನೋವಿಗಿಂತ ಹೆಚ್ಚಿನ ಹಿಂಸೆ. ಆ ಸುಳ್ಳನ್ನು ಆಡದವನು ಗೆರಾಸಿಮ್ ಒಬ್ಬನೇ. ಆರೈಕೆ ಮಾಡಿ ದಣಿದು, ಇನ್ನೂ ಏನೋ ಮಾಡಬಹುದಿತ್ತೆಂದು ತಮ್ಮನ್ನು ತಾವೇ ವಿಚಾರಣೆಗೆ ಒಡ್ಡಿಕೊಳ್ಳುವವರಿಗೆ, ತಾವು ಮಾಡಿದ ಸೇವೆ ಎಂಥದ್ದಾಗಿತ್ತೆಂದು ಈ ಪುಟಗಳಲ್ಲಿ ಕಾಣುತ್ತದೆ.

ಗಂಡ ಹೆಂಡತಿ ಇಬ್ಬರೂ ಬಂದಿದ್ದರೆ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಓದುತ್ತೇನೆ. ಮಗುವನ್ನು ಕಳೆದುಕೊಂಡಾಗ ಹೆಂಡತಿಯನ್ನು ನೋಡಿ ಬರೆದ ಕವಿತೆ ಅದು. ಒಂದೇ ದುಃಖವನ್ನು ಹೊತ್ತ ಇಬ್ಬರು ಪರಸ್ಪರರ ಕಣ್ಣಿಗೆ ಕಣ್ಣು ಕೊಡಲಾರದೆ ಹೋಗುವುದನ್ನು ನನಗೆ ತಿಳಿದ ಮಟ್ಟಿಗೆ ಇಷ್ಟು ಹತ್ತಿರದಿಂದ ನೋಡಿದ ಕವಿತೆ ಇನ್ನೊಂದಿಲ್ಲ. ಅಳುವುದಾದರೆ ಅತ್ತುಬಿಡು, ನಕ್ಕು ಯಾಕೆ ದುಃಖ ಮರೆಸುತ್ತೀ ಎಂದು ಕೇಳುವ ಭಾಗಕ್ಕೆ ಬಂದಾಗ ನಾನು ಪುಸ್ತಕದಿಂದ ತಲೆ ಎತ್ತುವುದಿಲ್ಲ. ಓದಿದ ಮೇಲೆ ಮಾತನಾಡಲೇಬೇಕೆಂದು ಯಾರನ್ನೂ ಕೇಳುವುದೂ ಇಲ್ಲ.

ಕಾಲ ಸ್ವಲ್ಪ ಸರಿದ ಬಳಿಕ ಓದುವುದು ಕಾದಂಬರಿಗಳನ್ನು. ಕಾರಂತರ ‘ಅಳಿದ ಮೇಲೆ’ಯಲ್ಲಿ, ತೀರಿಹೋದ ಯಶವಂತರಾಯರು ಬಿಟ್ಟುಹೋದ ಹೊಣೆಯನ್ನು ಹೊತ್ತ ನಿರೂಪಕರು ಅವರ ಸಂಬಂಧಿಕರನ್ನು ಹುಡುಕಿಕೊಂಡು ಹೋಗುತ್ತಾರೆ, ಒಬ್ಬೊಬ್ಬರ ಮಾತಿನಲ್ಲಿಯೂ ಒಬ್ಬೊಬ್ಬ ಯಶವಂತರು ಎದುರಾಗುತ್ತಾರೆ. ಸತ್ತವರನ್ನು ತಿಳಿಯುವ ಕೆಲಸ ಅವರ ಸಾವಿನೊಂದಿಗೆ ಮುಗಿಯದು ಎಂಬುದನ್ನು ಈ ಕಾದಂಬರಿ ಪತ್ತೇದಾರಿಯಷ್ಟೇ ತಾಳ್ಮೆಯಿಂದ ತೋರಿಸುತ್ತದೆ. ಇದನ್ನು ಓದಿದವರಲ್ಲಿ ಕೆಲವರು ತಮ್ಮವರ ಹಳೆಯ ಗೆಳೆಯರಿಗೆ ಪತ್ರ ಬರೆದು, ತಮಗೆ ಗೊತ್ತಿರದ ಸಂಗತಿಗಳನ್ನು ಕೇಳಿ ತಿಳಿದುಕೊಂಡಿದ್ದಾರೆ.

ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟಿದ್ದೇನೆ. 1965ರ ಈ ಕಾದಂಬರಿಯಲ್ಲಿ ಆಚಾರ ಬಿಟ್ಟು ಬದುಕಿದ ಬ್ರಾಹ್ಮಣ ನಾರಣಪ್ಪನ ಹೆಣವನ್ನು ಸುಡುವ ಅಧಿಕಾರ ಯಾರದೆಂಬ ಚರ್ಚೆಯಲ್ಲಿ ಇಡೀ ಅಗ್ರಹಾರ ಹಸಿದು ಕುಳಿತಿರುವಾಗ, ಅವನೊಡನೆ ಬಾಳಿದ ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿ ಯಾರಿಗೂ ತಿಳಿಯದಂತೆ ಸಂಸ್ಕಾರ ಮುಗಿಸಿಬಿಡುತ್ತಾಳೆ. ಹೆಣ ಬೂದಿಯಾದ ಮೇಲೆಯೂ ಶಾಸ್ತ್ರದ ಹುಡುಕಾಟ ನಡೆದೇ ಇರುತ್ತದೆ. ವಿಮರ್ಶೆ ಆ ಶಾಸ್ತ್ರ ಹುಡುಕುವ ಪಂಡಿತ ಪ್ರಾಣೇಶಾಚಾರ್ಯರ ಕುರಿತು ಬಹಳ ಬರೆದಿದೆ, ಅದು ಸರಿಯೇ. ನನ್ನ ಕೂಟದಲ್ಲಿ ಮಾತ್ರ ಮಾತು ಪ್ರತಿ ಸಲವೂ ಚಂದ್ರಿಯ ಕಡೆಗೆ ತಿರುಗುತ್ತದೆ: ಅವಳು ಆಮೇಲೆ ಎಲ್ಲಿ ಕುಳಿತು ಅತ್ತಿರಬಹುದು, ಅವಳಿಗೆ ಸಮಾಧಾನ ಹೇಳಿದವರು ಯಾರು ಎಂದು ಕೇಳುತ್ತಾರೆ.