ಉಪ್ಪಿನ ಲೆಕ್ಕದಲ್ಲಿ ಸಿಕ್ಕಿಬಿದ್ದ ನನ್ನ ಜಾಂಬಿ ಕಾದಂಬರಿ

ಮೊದಲ ಮೂರು ಅಧ್ಯಾಯಗಳಲ್ಲಿ ನನ್ನ ಹೆಣಗಳು ವಿಪರೀತ ಓಡಾಡುತ್ತಿದ್ದವು. ಶಿವಮೊಗ್ಗದಿಂದ ಹೊರಟು ಗಾಜನೂರು, ಮಂಡಗದ್ದೆ ದಾಟಿ ತೀರ್ಥಹಳ್ಳಿಯತ್ತ ತೂರಾಡುತ್ತಾ ಬರುವ ಜಾಂಬಿಗಳು. ಕತ್ತಿ ಹಿಡಿದು ಕಾಯುವ ನಲವತ್ತು ಮನೆಗಳ ಒಂದು ಊರು. ಇದನ್ನು ಓದಿ ಹೇಳಿದ್ದು ಹೊಸನಗರದ ಕಡೆಯ ನಮ್ಮ ದೊಡ್ಡಮ್ಮನಿಗೆ. ಜಗಲಿಯಲ್ಲಿ ಅಪ್ಪೆಮಿಡಿಗೆ ಉಪ್ಪು ಹಾಕುತ್ತಿದ್ದವರು ತಲೆಯೆತ್ತದೆ ಕೇಳಿದರು: "ಅಲ್ಲ ಮಾರಾಯ, ಬಸ್ಸು, ಲಾರಿ ಎಲ್ಲ ನಿಂತು ವರ್ಷವಾಯಿತು ಎನ್ನುತ್ತೀಯ. ಇವರಿಗೆ ಉಪ್ಪು ಎಲ್ಲಿಂದ?"

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಹಿಡಿದರೂ ನೂರೈವತ್ತು ಜನರಿಗೆ ವರ್ಷಕ್ಕೆ 270 ಕಿಲೋ ದಾಟುತ್ತದೆ; ಮಿಡಿಗೆ, ದನಗಳಿಗೆ ಬೇರೆ. ಲೀಟರ್ ಸಮುದ್ರದ ನೀರಿನಲ್ಲಿರುವುದು ಸುಮಾರು 35 ಗ್ರಾಂ. ಅಂದರೆ ಎಂಟು ಸಾವಿರ ಲೀಟರಿನಷ್ಟು ನೀರನ್ನು ಬಿಸಿಲಿಗೆ ಆರಿಸಿ, ಘಟ್ಟ ಹತ್ತಿಸಿ ತರಬೇಕು. ಹಿಂದೆ ಹೇರೆತ್ತುಗಳು ಮಾಡುತ್ತಿದ್ದ ಕೆಲಸ. ಕಾದಂಬರಿಯ ನಿಜವಾದ ಕಥೆ ಅಲ್ಲಿ ಸಿಕ್ಕಿತು, ಕತ್ತಿಗಳೆಲ್ಲ ಮೂಲೆಗೆ ಸೇರಿದವು.

ಜಾಂಬಿಗಳನ್ನು ಮುಗಿಸುವುದು ಸುಲಭವಾಯಿತು. ಆಗುಂಬೆಯ ಸರಾಸರಿ ಮಳೆ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಬಾಗಿಲ ಚೌಕಟ್ಟೇ ಬೂಸ್ಟು ಹಿಡಿಯುವ ನಾಡಿನಲ್ಲಿ ನಡೆದಾಡುವ ಹೆಣ ಎಷ್ಟು ದಿನ ಬಾಳಿಕೆ ಬಂದೀತು? ಒಂದೇ ಮಳೆಗಾಲದಲ್ಲಿ ಕೊಳೆಸಿ ಮಣ್ಣು ಮಾಡಿದೆ.

ಆಮೇಲೆ ಬಂದದ್ದು ಉಣುಗು, ಅಂದರೆ ಮೈಗೆ ಹತ್ತಿ ರಕ್ತ ಹೀರುವ ಉಣ್ಣೆ. ಜಾಂಬಿ ಕಚ್ಚಿದರೆ ಊರಿಗೆಲ್ಲ ಕಾಣುತ್ತದೆ, ಉಣುಗು ಕಚ್ಚಿದ್ದು ಕಚ್ಚಿಸಿಕೊಂಡವನಿಗೇ ತಿಳಿಯುವುದಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ನಮ್ಮದೇ ಜಿಲ್ಲೆಯ ಕಾಡೊಂದರ ಹೆಸರು ಹೊತ್ತ ರೋಗ; 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಕಾಡಿನಲ್ಲಿ ಉದುರಿದ ದರಗೆಲೆ ಗುಡಿಸಲು ಹೋದವರಿಗೆ, ದನ ಮೇಯಿಸಲು ಹೋದವರಿಗೆ ಹತ್ತುತ್ತವೆ. ನಾನು ಮೊದಲು ಬರೆದಾಗ ಜ್ವರ ಬಂದವನನ್ನು ಊರಿನವರು ಅಡಿಕೆ ಕಣದಾಚೆಯ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಾರೆ, ಹಾಗಾಗಿ ಊರು ಉಳಿಯುತ್ತದೆ. ಆರೋಗ್ಯ ಇಲಾಖೆಯಲ್ಲಿದ್ದು ನಿವೃತ್ತರಾದ ನೆಂಟರೊಬ್ಬರು ಅದನ್ನು ಓದಿ ನಕ್ಕರು. "ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವಲ್ಲ. ಅವನನ್ನು ಕೂಡಿಹಾಕಿ ಇವರು ಸಾಧಿಸಿದ್ದೇನು?"

ಅಧ್ಯಾಯವನ್ನು ಹರಿದು ಹಾಕಬೇಕೆಂದಿದ್ದೆ. ಎರಡು ದಿನ ಬಿಟ್ಟು ನೋಡಿದರೆ ತಪ್ಪೇ ಕಥೆಗೆ ಹೆಚ್ಚು ಒಪ್ಪುತ್ತಿತ್ತು. ಜಾಂಬಿಗಳಿಂದ ಕಚ್ಚಿಸಿಕೊಂಡವರನ್ನು ದೂರವಿಟ್ಟು ಬದುಕಿ ಉಳಿದ ಜನ ಅವರು; ಜ್ವರ ಕಂಡರೆ ಮತ್ತೇನು ಮಾಡಿಯಾರು? ನನ್ನ ಅಜ್ಞಾನವನ್ನು ಪಾತ್ರಗಳ ಹೆಗಲಿಗೆ ದಾಟಿಸಿದೆ. ಅವನು ಕೊಟ್ಟಿಗೆಯಲ್ಲಿ ಒಬ್ಬನೇ ಸಾಯುತ್ತಾನೆ, ಊರಿನವರು ಮಾತ್ರ ಅದೇ ಕಾಡಿಗೆ ಮತ್ತೆ ದರಗೆಲೆಗೆ ಹೋಗುತ್ತಾರೆ. ಇಡೀ ಪುಸ್ತಕದಲ್ಲಿ ನನಗೆ ತೃಪ್ತಿ ಕೊಟ್ಟ ಭಾಗ ಅದೊಂದೇ.

ವಿದ್ಯುತ್ತಿನ ವಿಷಯದಲ್ಲಿ ಆಸೆ ದೊಡ್ಡದಿತ್ತು. 1948ರಲ್ಲಿ ಶುರುವಾದ ಜೋಗದ ವಿದ್ಯುದಾಗಾರವನ್ನು ನನ್ನ ಜನ ಮತ್ತೆ ತಿರುಗಿಸಬೇಕು ಎಂದಿದ್ದೆ. ನೂರೈವತ್ತು ಜನರಿಂದ ಆಗುವ ಮಾತಲ್ಲ. ಕೊನೆಗೆ ಮನೆಯ ಹಿಂದಿನ ಹಳ್ಳಕ್ಕೇ ಬಂದೆ: ಇಪ್ಪತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಲೀಟರ್ ನೀರು ಬಿದ್ದರೆ, ಅರ್ಧ ವ್ಯರ್ಥವಾದರೂ ಒಂದು ಕಿಲೋವಾಟ್ ಸಿಗುತ್ತದೆ. ಮನೆಗೊಂದು ದೀಪಕ್ಕೆ ಸಾಕು. ಆದರೆ ಬೇಸಿಗೆಯಲ್ಲಿ ಹಳ್ಳ ಸೊರಗುತ್ತದೆ, ಮೇಲಿನ ಊರಿನವರು ಅಡಿಕೆ ಮರ ಸೀಳಿ ಮಾಡಿದ ದಂಬೆ ಇಟ್ಟು ನೀರನ್ನು ತಮ್ಮ ಗದ್ದೆಗೆ ತಿರುಗಿಸುತ್ತಾರೆ. ಹೆಣಗಳ ಕಾಟ ಮುಗಿದ ಮೇಲೆ ನನ್ನ ಕಾದಂಬರಿಯಲ್ಲಿ ಹರಿದ ಮೊದಲ ರಕ್ತ ಆ ದಂಬೆಗಾಗಿ. ನೀರಿನ ವ್ಯಾಜ್ಯ ನೋಡದ ಊರು ನಮ್ಮಲ್ಲಿ ಯಾವುದಿದೆ? ಅದಕ್ಕೆ ಕಲ್ಪನೆಯ ಶ್ರಮವೇ ಬೇಕಾಗಲಿಲ್ಲ.

ಉಪ್ಪಿನ ಅಧ್ಯಾಯವನ್ನು ಕೊನೆಗೆ ಬರೆದೆ. ಏಳು ಜನ ಹುಲಿಕಲ್ ಘಾಟಿ ಇಳಿದು ಕುಂದಾಪುರದ ಕಡೆಗೆ ಹೋಗುತ್ತಾರೆ, ಆರು ಜನ ಗೋಣಿ ಹೊತ್ತು ಮರಳುತ್ತಾರೆ. ಏಳನೆಯವನ ಸಾವನ್ನು ನಾಲ್ಕು ಸಲ ತಿದ್ದಿದ್ದೆ. ಓದಿ ಮುಗಿಸಿದಾಗ ದೊಡ್ಡಮ್ಮ ಕೇಳಿದ್ದು ಬೇರೆ: "ಆಶ್ವಯುಜದಲ್ಲಿ ಗೋಣಿಯಲ್ಲಿ ಉಪ್ಪು ತಂದರೇ? ಹಿಂಗಾರು ಮಳೆ ಹೊಡೆದರೆ ಮನೆಗೆ ಬರುವಷ್ಟರಲ್ಲಿ ಬರೀ ಗೋಣಿ."

ಪಯಣವನ್ನು ದೀಪಾವಳಿಯಾಚೆಗೆ, ಡಿಸೆಂಬರಿಗೆ ತಳ್ಳಿದೆ. ಮಳೆಯಿಂದ ಉಪ್ಪು ಉಳಿಯಿತು. ಉಣುಗಿನ ಕಾಲ ಶುರುವಾಗುವುದೂ ಆಗಲೇ. ಈಗ ಅವರು ಮೈತುಂಬ ಬಟ್ಟೆ ಸುತ್ತಿಕೊಂಡು, ಪ್ಯಾಂಟಿನ ತುದಿಯನ್ನು ಬಾಳೆನಾರಿನಿಂದ ಬಿಗಿದು ಘಾಟಿ ಇಳಿಯುತ್ತಾರೆ. ಮರಳಿದ ದಿನ ಹಂಡೆಯಲ್ಲಿ ಕುದಿಯುತ್ತಿರುವ ನೀರಿಗೆ ಬಟ್ಟೆ ಹಾಕಿದ ಮೇಲೆಯೇ ಉಪ್ಪಿನ ಮರಿಗೆಯ ಮುಚ್ಚಳ ತೆಗೆಯುತ್ತಾರೆ. ಏಳನೆಯವನನ್ನು ಏನು ಮಾಡಬೇಕೆಂದು ಇನ್ನೂ ಗೊತ್ತಾಗಿಲ್ಲ.