ಫ್ರೆಂಚ್‌ನ ‘ಬಾಞ್’ ಪದವನ್ನು ಎಲ್ಲಿ, ಹೇಗೆ ಬಳಸಬೇಕು?

ಫ್ರೆಂಚ್ ಓದುವಾಗ ‘ಬಾಞ್’ ಸಿಕ್ಕರೆ ಸುಮ್ನೆ ಜೈಲು ಅಂದುಕೊಂಡು ಮುಂದೆ ಹೋಗಬೇಡಿ. ಜೈಲಿಗೆ ‘ಪ್ರಿಝೋಂ’ ಅನ್ನೋ ಬೇರೆ ಪದವೇ ಇದೆ. ಕೈದಿಗಳನ್ನು ಕೂಡಿಹಾಕಿ ಮೈಮುರಿಯೋ ಕೆಲಸ ಮಾಡಿಸುತ್ತಿದ್ದ ಜಾಗ ಬಾಞ್. ಆ ಶಿಕ್ಷೆಗೂ ಅದೇ ಹೆಸರು.

ಬರಹದಲ್ಲಿ (bagne) ‘ಜಿ’ ಅಕ್ಷರ ಕಾಣುತ್ತೆ ಅಂತ ‘ಬ್ಯಾಗ್ನೆ’ ಅನ್ನಬೇಡಿ. ನಾವು ಹೆಚ್ಚುಕಡಿಮೆ ಮರೆತೇಬಿಟ್ಟಿರೋ ಞ ಇಲ್ಲಿ ಸರಿಯಾಗಿ ಕೂರುತ್ತದೆ. ಪದ ಪುಲ್ಲಿಂಗ, ಹಾಗಾಗಿ ‘ಲ ಬಾಞ್’. ಅಲ್ಲಿಗೆ ಕಳಿಸಿದರು ಅನ್ನುವಾಗ ‘ಓ ಬಾಞ್’. ಅಲ್ಲಿನ ಕೈದಿ ‘ಬಾಞಾರ್’ ಅಥವಾ ‘ಫೋರ್ಸಾ’.

ಕನ್ನಡಕ್ಕೆ ತರುವಾಗ ಕಾಲ ನೋಡಿಕೊಳ್ಳಿ, ಎಡವೋದು ಇಲ್ಲೇ ಜಾಸ್ತಿ. 1748ರವರೆಗೆ ಫ್ರಾನ್ಸಿನ ಇಂಥ ಕೈದಿಗಳು ಗ್ಯಾಲಿ ಹಡಗುಗಳಲ್ಲಿ ಹುಟ್ಟು ಹಾಕುತ್ತಿದ್ದರು. ಆ ವ್ಯವಸ್ಥೆ ನಿಂತ ಮೇಲೆ ತೂಲೋಂ, ಬ್ರೆಸ್ಟ್, ರೋಶ್‌ಫೋರ್ ಬಂದರುಗಳಲ್ಲಿ ಬಾಞ್‌ಗಳು ಬಂದವು, ಕೈದಿಗಳು ಸಂಕೋಲೆ ಹಾಕಿಕೊಂಡೇ ನೌಕಾಪಡೆಗೆ ದುಡಿಯಬೇಕಿತ್ತು. 1852ರಿಂದ ಅವರನ್ನು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾಗೆ, ಆಮೇಲೆ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾಗೂ ಸಾಗಿಸಿದರು. 1854ರ ಕಾನೂನು ಇನ್ನೂ ಕ್ರೂರ: ಶಿಕ್ಷೆ 8 ವರ್ಷಕ್ಕಿಂತ ಕಡಿಮೆಯಿದ್ದರೆ ಅದು ಮುಗಿದ ಮೇಲೆ ಮತ್ತೆ ಅಷ್ಟೇ ಕಾಲ ಅಲ್ಲೇ ಇರಬೇಕು, 8 ವರ್ಷ ಅಥವಾ ಹೆಚ್ಚಾದರೆ ಸಾಯೋವರೆಗೂ. ಇದಕ್ಕೆ ‘ದೂಬ್ಲಾಜ್’ ಅಂತಿದ್ದರು.

ಆದ್ದರಿಂದ ಗಯಾನಾದ ಕಥೆಗೆ ‘ಕರಿನೀರಿನ ಶಿಕ್ಷೆ’ ಒಪ್ಪುತ್ತದೆ. ತೂಲೋಂನವನು ಸಮುದ್ರ ದಾಟಿದ್ದೇ ಇಲ್ಲವಲ್ಲ, ಅಲ್ಲಿಗೆ ‘ದುಡಿಮೆಯ ಸೆರೆ’ ಅಂದರೆ ಸಾಕು. ತೀರ್ಪಿನಲ್ಲಿ ಬರೋದು ‘ತ್ರಾವೋ ಫೋರ್ಸೇ’, ಅಂದರೆ ಕಡ್ಡಾಯ ದುಡಿಮೆ. 1960ರವರೆಗೂ ಕಾನೂನಿನ ಪದ ಅದೇ. ಇನ್ನೊಂದು ಮಾತು, ಗಯಾನಾದ ಡೆವಿಲ್ಸ್ ಐಲ್ಯಾಂಡ್ ದ್ವೀಪದಲ್ಲಿದ್ದ, ದೇಶದ್ರೋಹದ ಸುಳ್ಳು ಆರೋಪಕ್ಕೆ ಸಿಕ್ಕ ಫ್ರೆಂಚ್ ಸೇನಾಧಿಕಾರಿ ಡ್ರೇಫಸ್‌ನನ್ನು ‘ಫೋರ್ಸಾ’ ಅನ್ನಬೇಡಿ. ಅವನಿಗೆ ಆಗಿದ್ದು ಗಡೀಪಾರು, ದುಡಿಮೆಯ ಶಿಕ್ಷೆಯಲ್ಲ.

ಇವತ್ತಿನ ಮಾತಿನಲ್ಲೂ ಪದ ಬದುಕಿದೆ. ಆಫೀಸಿನಲ್ಲಿ ಕತ್ತೆ ದುಡಿತವಾದರೆ ‘ಸೆ ಲ ಬಾಞ್!’ ಅಂತ ಗೊಣಗುತ್ತಾರೆ. ‘ಸ ನೆ ಪಾ ಲ ಬಾಞ್’ ಅಂದರೆ ಅಷ್ಟೇನೂ ಕಷ್ಟವಿಲ್ಲ ಬಿಡು ಅಂತ. ಗೆಳೆಯರ ನಡುವೆ ಇದು ನಡೆಯುತ್ತೆ, ಆದರೆ ನ್ಯೂ ಕ್ಯಾಲೆಡೋನಿಯಾದಲ್ಲಿ ಆ ಕೈದಿಗಳ ವಂಶದವರು ಈಗಲೂ ಇದ್ದಾರೆ, ಅಲ್ಲಿ ತಮಾಷೆಗೆ ಮುಂಚೆ ಯೋಚಿಸಿ. ಬಸ್ ತಪ್ಪಿದಂಥ ಸಣ್ಣ ಕಿರಿಕಿರಿಗಂತೂ ಬಾಞ್ ಬೇಡವೇ ಬೇಡ, ‘ಕೆಲ್ ಗಾಲೇರ್!’ (ಎಂಥ ಗೋಳಪ್ಪ!) ಅನ್ನಿ.